ಎಎಂ4ಗೇ ರ್ಯಾಮ್ ತುಂಬಿಸೋದಾ, ಎಎಂ5ಗೆ ಹಾರೋದಾ? ದರ ಇಳಿಯುತ್ತೆ ಅನ್ನೋ ಸುದ್ದಿಗಳಲ್ಲಿ ಎಷ್ಟು ನಿಜ?

ಕಲ್ಯಾಣ್_ಲೋಕಲ್ · ಡೊಂಬಿವಲಿ

ನಮಸ್ಕಾರ. ಈಗಿರುವ ಪಿಸಿ: ರೈಜನ್ 5 2600, ಬಿ450 ಬೋರ್ಡು (ಎಎಂ4, ಅಂದರೆ ಎಎಂಡಿ ಪ್ರೊಸೆಸರ್ ಕೂರುವ ಹಳೆ ಸಾಕೆಟ್), ಡಿಡಿಆರ್4 2666ರ 8 ಜಿಬಿ ಕಡ್ಡಿ ಎರಡು, ಜಿಟಿಎಕ್ಸ್ 1660, 450 ವ್ಯಾಟ್ ಪವರ್ ಸಪ್ಲೈ, ವಿಂಡೋಸ್ 10. ವಾರದ ದಿನ ಡಾಕರ್‌ನಲ್ಲಿ ಏಳೆಂಟು ಕಂಟೇನರ್ (ಬೇರೆ ಬೇರೆ ಡಬ್ಬಿಯಲ್ಲಿ ಓಡುವ ಪ್ರೋಗ್ರಾಮು), ಜೊತೆಗೊಂದು ಲಿನಕ್ಸ್ ವರ್ಚುವಲ್ ಮಷೀನ್. ಶನಿವಾರ, ಭಾನುವಾರ 1080ಪಿಯಲ್ಲಿ ಗೇಮ್. 16 ಜಿಬಿ ಸಾಲುತ್ತಿಲ್ಲ. ಎಸ್‌ಎಸ್‌ಡಿ ಮೇಲೆ ಸ್ವಾಪ್ (ರ್ಯಾಮ್ ತುಂಬಿದಾಗ ಡಿಸ್ಕನ್ನೇ ಬಳಸೋದು) ಶುರುವಾದರೆ ಮಷೀನು ಕುಂಟುತ್ತದೆ.

ಅಂದುಕೊಂಡಿದ್ದು ರೈಜನ್ 5 7600, ಬಿ650 ಬೋರ್ಡು (ಹೊಸ ಎಎಂ5 ಸಾಕೆಟ್), 32 ಜಿಬಿ ಡಿಡಿಆರ್5. ಈಗ ಕೊಟೇಶನ್ ತೆಗೆಸಿದರೆ ರ್ಯಾಮ್ ಒಂದೇ ಪ್ರೊಸೆಸರಿಗಿಂತ ದುಬಾರಿ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು, "ನಾಳೆ ಇನ್ನೂ ಏರುತ್ತೆ, ಇವತ್ತೇ ತಗೊಳ್ಳಿ." ಯೂಟ್ಯೂಬ್ ತೆರೆದರೆ ಇದರ ಉಲ್ಟಾ: ಎಐ ಗುಳ್ಳೆ ಒಡೆಯುತ್ತೆ, ಸರ್ವರ್ ರ್ಯಾಮ್ ಎಲ್ಲ ಮಾರುಕಟ್ಟೆಗೆ ಸುರಿಯುತ್ತೆ, ದೀಪಾವಳಿಗೆ ಪುಕ್ಕಟೆ ಅಂತ. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಾರ್ಖಾನೆ ಇದೆ, ಇನ್ಮೇಲೆ ದೇಶೀ ರ್ಯಾಮ್ ಅಗ್ಗ ಅನ್ನುವವರೂ ಇದ್ದಾರೆ. ಮೈಕ್ರಾನಿನ ಕ್ರೂಷಿಯಲ್ ಬ್ರ್ಯಾಂಡ್ ಮುಚ್ಚಿದ್ದರಿಂದ ಹಳೆ ಕಡ್ಡಿಗಳ ವಾರಂಟಿ ಹೋಯ್ತು ಅಂತ ಇನ್ನೊಬ್ಬರು. ಎಎಂ5 ಸಾಕೆಟ್ಟೇ ಮುಗಿಯುತ್ತಿದೆ ಅಂತ ಮತ್ತೊಬ್ಬರು.

ಕಾಯಲೋ, ಈಗಲೇ ಎಎಂ5ಗೆ ಹೋಗಲೋ, ಇದ್ದದ್ದನ್ನೇ ರಿಪೇರಿ ಮಾಡಿ ಓಡಿಸಲೋ?

ಗ್ರಾಂಟ್‌ರೋಡ್_ಭಟ್ರು · ಮುಂಬಯಿ

ಒಂದೊಂದಾಗಿ ಬಿಡಿಸುವ ಮಾರಾಯ್ರೆ.

ದರ ಏಕೆ ಏರಿತು ಅಂತ ಗೊತ್ತಾದರೆ ಉಳಿದ ಸುದ್ದಿಗಳ ತೂಕ ತಾನಾಗಿ ತಿಳಿಯುತ್ತದೆ. ಪ್ರಪಂಚದ ಡಿರ್ಯಾಮ್ (ರ್ಯಾಮ್ ಕಡ್ಡಿಯೊಳಗಿನ ಮೆಮೊರಿ ಚಿಪ್) ಬಹುಪಾಲು ಬರುವುದು ಮೂರೇ ಮನೆಯಿಂದ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಕಾರ್ಡುಗಳಿಗೆ ಹಾಕುವ ಎಚ್‌ಬಿಎಂ ಕೂಡ ಇದೇ ಮೂವರ ವೇಫರಿನಿಂದ, ಅಂದರೆ ಚಿಪ್ ಕತ್ತರಿಸುವ ಸಿಲಿಕಾನ್ ತಟ್ಟೆಯಿಂದ. ಎಚ್‌ಬಿಎಂ ಅಂದರೆ 8 ಅಥವಾ 12 ಡಿರ್ಯಾಮ್ ಬಿಲ್ಲೆಗಳನ್ನು ನೀರುದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟು, ಸಿಲಿಕಾನಿನಲ್ಲೇ ತೂತು ಕೊರೆದು ತಾಮ್ರ ತುಂಬಿ ಜೋಡಿಸಿದ್ದು. ಆ ತೂತುಗಳಿಗೆ ಜಾಗ ಬೇಕು, ಹಾಗಾಗಿ ಬಿಲ್ಲೆ ದೊಡ್ಡದಾಗುತ್ತದೆ. ಪೇರಿಸುವಾಗ ಒಂದು ಕೆಟ್ಟರೆ ಉಳಿದವೂ ಅದರ ಜೊತೆ ಹೋಗುತ್ತವೆ. ಅಷ್ಟೇ ಜಿಬಿಯ ಡಿಡಿಆರ್5ಗೆ ಬೇಕಾದ್ದಕ್ಕಿಂತ ಸುಮಾರು ಮೂರು ಪಟ್ಟು ವೇಫರನ್ನು ಎಚ್‌ಬಿಎಂ3ಇ ತಿನ್ನುತ್ತದೆ. ಇದು ಮೈಕ್ರಾನೇ ಬಾಯಿಬಿಟ್ಟು ಹೇಳಿದ ಲೆಕ್ಕ. ಅಲ್ಲಿ ಒಂದು ಜಿಬಿ ಹೆಚ್ಚಾದರೆ ನಮ್ಮ ಕಡೆ ಮೂರು ಜಿಬಿ ಖೋತಾ.

ಇದರ ಮೇಲೆ 2025ರ ಅಕ್ಟೋಬರ್ 1ರಂದು ಓಪನ್‌ಎಐ, ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಇರಾದೆ ಪತ್ರಕ್ಕೆ ಸಹಿ ಹಾಕಿತು. ತಿಂಗಳಿಗೆ 9 ಲಕ್ಷ ವೇಫರಿನವರೆಗೆ ಅನ್ನುವ ಗುರಿ. ಇರಾದೆ ಪತ್ರ ಆರ್ಡರ್ ಅಲ್ಲ, ಸರಿ. ಆದರೆ ಅಷ್ಟು ದೊಡ್ಡ ಸಂಖ್ಯೆ ಕಿವಿಗೆ ಬಿದ್ದ ಮೇಲೆ ಉಳಿದ ದೊಡ್ಡ ಗಿರಾಕಿಗಳು ಸುಮ್ಮನೆ ಕೂರುತ್ತಾರಾ? ಎಲ್ಲರೂ ಮುಂಗಡ ಹಿಡಿಯಲು ಓಡಿದರು. ಅಮೆರಿಕದಲ್ಲಿ ವರ್ಷದ ನಡುವೆ 100 ಡಾಲರ್ ಆಸುಪಾಸಿದ್ದ 32 ಜಿಬಿ ಡಿಡಿಆರ್5 ಕಿಟ್ ಡಿಸೆಂಬರ್ ಹೊತ್ತಿಗೆ 300 ದಾಟಿತ್ತು.

ಈಗ ಸುದ್ದಿಗಳು. ಸಾನಂದ: 2023ರ ಜೂನಿನಲ್ಲಿ ಘೋಷಣೆಯಾದ 275 ಕೋಟಿ ಡಾಲರಿನ ಯೋಜನೆ ಹೌದು. ಆದರೆ ಅಲ್ಲಿ ನಡೆಯುವುದು ಜೋಡಣೆ ಮತ್ತು ಪರೀಕ್ಷೆ. ವೇಫರ್ ಹೊರದೇಶದ ಫ್ಯಾಬಿನಿಂದಲೇ (ಚಿಪ್ ಮಾಡುವ ಕಾರ್ಖಾನೆ) ಬರಬೇಕು. ತೆಂಗಿನಕಾಯಿ ಹೊರಗಿಂದ ತಂದು ಇಲ್ಲಿ ಎಣ್ಣೆ ಬಾಟ್ಲಿಗೆ ತುಂಬಿದರೆ ಕಾಯಿಯ ದರ ಇಳಿಯುವುದಿಲ್ಲ. ಧೋಲೇರಾದ ಟಾಟಾ ಫ್ಯಾಬ್ 28ರಿಂದ 110 ನ್ಯಾನೋಮೀಟರಿನ ಲಾಜಿಕ್ ಚಿಪ್ಪುಗಳಿಗೆ, ಅದಕ್ಕೂ ಡಿರ್ಯಾಮಿಗೂ ಸಂಬಂಧ ಇಲ್ಲ.

ಕ್ರೂಷಿಯಲ್: 2025ರ ಡಿಸೆಂಬರ್ 3ರಂದು ಮೈಕ್ರಾನ್ ಹೇಳಿದ್ದು, ಗ್ರಾಹಕ ವ್ಯಾಪಾರ ಬಿಡುತ್ತೇವೆ, 2026ರ ಫೆಬ್ರವರಿ ಕೊನೆಯವರೆಗೆ ಸರಬರಾಜು ಮಾಡುತ್ತೇವೆ, ವಾರಂಟಿ ಸೇವೆ ಮುಂದುವರಿಯುತ್ತದೆ ಅಂತ. ಬಿಲ್ ಇಟ್ಟುಕೊಂಡವರಿಗೆ ಭಯವಿಲ್ಲ.

ಎಎಂ5: 2022ರಲ್ಲಿ ಬಂದ ಸಾಕೆಟ್. 2027 ಮತ್ತು ಅದರಾಚೆಗೂ ಬೆಂಬಲ ಅಂತ ಎಎಂಡಿ 2024ರಲ್ಲೇ ವೇದಿಕೆಯ ಮೇಲೆ ಹೇಳಿದೆ. ಅದರಲ್ಲಿ ಎಷ್ಟು ಕೋರಿನ ಯಾವ ಚಿಪ್ ಕೂರುತ್ತದೆ ಅನ್ನುವುದೆಲ್ಲ ಸೋರಿಕೆಯವರ ಹೊಟ್ಟೆಪಾಡು.

ಎಐ ಗುಳ್ಳೆ ಒಡೆಯಬಹುದು, ಬೇಡ ಅನ್ನುವುದಿಲ್ಲ. ಆದರೂ ಆ ರ್ಯಾಮ್ ನಿಮ್ಮ ಬೋರ್ಡಿಗೆ ಬರುವುದಿಲ್ಲ. ಎಚ್‌ಬಿಎಂ ಜಿಪಿಯು ಪಕ್ಕದಲ್ಲೇ ಇಂಟರ್‌ಪೋಸರ್ ಅನ್ನುವ ಜೋಡಣೆಯ ಹಲಗೆ ಮೇಲೆ ಬೆಸೆದುಕೊಂಡಿರುತ್ತದೆ, ಕಿತ್ತು ಕಡ್ಡಿ ಮಾಡಲಾಗದು. ಸರ್ವರಿನ ಡಿಡಿಆರ್5 ಕಡ್ಡಿಗೆ (ಆರ್‌ಡಿಮ್ಮು) ಬೋರ್ಡಿನಿಂದ 12 ವೋಲ್ಟ್ ಬೇಕು, ನಮ್ಮ ಡೆಸ್ಕ್‌ಟಾಪ್ ಕಡ್ಡಿಗೆ 5 ವೋಲ್ಟ್. ಖಾಚಿನ (ಕಡ್ಡಿಯ ಕೆಳಗಿನ ಸೀಳು) ಜಾಗವೂ ಬೇರೆ, ಒತ್ತಿದರೂ ಕೂರದು. ದರ ಇಳಿದರೆ ಇಳಿಯುವುದು ವೇಫರುಗಳು ಮತ್ತೆ ಡಿಡಿಆರ್5 ಕಡೆಗೆ ತಿರುಗಿದಾಗ. ವೇಫರ್ ಒಳಗೆ ಹೋಗಿ ಚಿಪ್ಪಾಗಿ ಹೊರಬರಲಿಕ್ಕೇ ತಿಂಗಳುಗಟ್ಟಲೆ ಬೇಕು. ಹೊಸ ಫ್ಯಾಬಿಗೆ ವರ್ಷಗಳು.

ಸ್ವಾರಗೇಟ್_ಕಾಕಾ · ಪುಣೆ

ತಮ್ಮಾ, ನಿನ್ನ ಬೋರ್ಡ್ ಬಿ450 ಐತಿ. ಅದನ್ನ ಯಾಕ ಕಿತ್ತು ಒಗೀತಿ?

ಮೊದಲ ಮಾತು, ವಿಂಡೋಸ್ 10 ಮುಗೀತು ಅಂತ ಹೊಸಾ ಮಷೀನ್ ಬ್ಯಾಡ. 2600 ವಿಂಡೋಸ್ 11ರ ಯಾದಿಯೊಳಗ ಐತಿ. ಬಯಾಸ್‌ನೊಳಗ (ಬೋರ್ಡಿನ ಮೂಲ ಸಾಫ್ಟ್‌ವೇರ್) ಎಫ್‌ಟಿಪಿಎಂ (ಸಿಪಿಯು ಒಳಗಿನ ಕೀಲಿ ಕಾಯೂ ಭಾಗ) ಮತ್ತ ಸೆಕ್ಯೂರ್ ಬೂಟ್ ಆನ್ ಮಾಡು, ಡಿಸ್ಕಿನ ಪಾರ್ಟಿಶನ್ ಪದ್ಧತಿ ಜಿಪಿಟಿ ಐತೇನು ನೋಡು, ಸಾಕು. ಈಗ ತ್ರಾಸ ಬ್ಯಾಡ ಅಂದ್ರ 2026ರ ಅಕ್ಟೋಬರ್ 13ರ ತನಕ ಇಎಸ್‌ಯು, ಅಂದ್ರ ವಿಂಡೋಸ್ 10ಕ್ಕ ಹೆಚ್ಚಿನ ಸೆಕ್ಯೂರಿಟಿ ಅಪ್‌ಡೇಟ್, ಐತಿ. ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ ಸಿಂಕ್ ಮಾಡಿದ್ರ ರೊಕ್ಕಾ ಕೇಳಂಗಿಲ್ಲ.

ಎರಡನೇದು, ಪ್ರೊಸೆಸರ್. ಬಿ450 ಮ್ಯಾಲೆ ರೈಜನ್ 5 5600 ಇಲ್ಲಾ 7 5700ಎಕ್ಸ್ ಕೂಡ್ತಾವ. ಎರಡೂ 65 ವ್ಯಾಟಿನವು, ನಿನ್ನ 450 ವ್ಯಾಟ್ ಸಪ್ಲೈಗೆ ಭಾರ ಇಲ್ಲ. 5600 ಡಬ್ಬಿಯೊಳಗ ಕೂಲರ್ ಬರ್ತೈತಿ, 5700ಎಕ್ಸ್‌ನೊಳಗ ಬರಂಗಿಲ್ಲ. ಕಂಟೇನರ್ ಜಾಸ್ತಿ ಓಡಸಾಂವ ಅಂದ್ರ ಎಂಟು ಕೋರ್ ತಗೊ.

ಮಾಡೂ ಪದ್ಧತಿ ಕೇಳು. ಹಳೇ ಸಿಪಿಯು ಇದ್ದಾಗನ ಬಯಾಸ್ ಅಪ್‌ಡೇಟ್ ಆಗ್ಬೇಕು. ಬೋರ್ಡ್ ಕಂಪನಿ ಪುಟದಾಗ ನಿನ್ನ ಬೋರ್ಡಿನ ರಿವಿಜನ್ ನೋಡ್ಕೊಂಡು ಫೈಲ್ ಇಳಿಸು. 1.0 ಬೋರ್ಡಿಗೆ 2.0ದ ಫೈಲ್ ಹಾಕಬ್ಯಾಡ. ಬಯಾಸ್‌ನೊಳಗಿನ ಎಎಂಡಿ ಕೋಡ್ ಎಜೀಸಾ 1.2.0.7 ಅಥವಾ ಅದರ ಮ್ಯಾಲಿಂದ ಇರಲಿ, ಅದಕ್ಕಿಂತ ಹಳೇದರಾಗ ಎಫ್‌ಟಿಪಿಎಂ ಆನ್ ಇದ್ರ ಮಷೀನ್ ಆಗಾಗ ಗಕ್ಕನ ನಿಂತು ಹೋಕ್ಕಿತ್ತು. ಕೆಲವು ಬೋರ್ಡಿಗೆ ನಡುವಿನ ಒಂದು ವರ್ಶನ್ ಮೊದಲು ಹಾಕಿ ಆಮ್ಯಾಲೆ ಹೊಸಾದು ಹಾಕ್ಬೇಕಾಗ್ತೈತಿ, ಪುಟದಾಗ ಬರದಿರ್ತಾರ, ಓದು. ಪೆನ್‌ಡ್ರೈವ್ ಫ್ಯಾಟ್32. ಯುಪಿಎಸ್ ಮ್ಯಾಲೆ ಮಾಡು, ನಡಬರಕ ಲೈಟ್ ಹೋದ್ರ ಬೋರ್ಡ್ ಇಟ್ಟಂಗಿ ಆಗ್ತೈತಿ.

ಸಿಪಿಯು ತಗಿಯೂ ಮುಂದ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಸಸ್ಪೆಂಡ್ ಮಾಡು, ರಿಕವರಿ ಕೀ ಬೇರೆ ಕಡೆ ಬರದಿಡು. ಎಫ್‌ಟಿಪಿಎಂನ ಕೀಲಿ ಹಳೇ ಸಿಪಿಯು ಜೋಡಿ ಹೋಗ್ತೈತಿ. ಹೊಸಾದು ಹಾಕಿ ಚಾಲೂ ಮಾಡಿದ್ರ ಕರೀ ಪರದೆ ಮ್ಯಾಲೆ, ಎಫ್‌ಟಿಪಿಎಂ ರೀಸೆಟ್ ಮಾಡ್ಲೇನು, ವೈ ಒತ್ತು ಇಲ್ಲಾ ಎನ್ ಒತ್ತು ಅಂತ ಕೇಳ್ತೈತಿ. ಕೀ ಕೈಯಾಗಿಲ್ಲದ ವೈ ಒತ್ತಿದ್ಯೋ, ಡಿಸ್ಕ್ ಹೋತು.

ಇನ್ನೊಂದು, ಎಲ್ಲಾರೂ ಮಾಡೂ ತಪ್ಪು. ಎಎಂ4ದಾಗ ಪಿನ್ ಸಿಪಿಯುಗೇ ಇರ್ತಾವ, ಮ್ಯಾಲೆ ಹಿಡಿಯೂ ಚೌಕಟ್ಟು ಇರಂಗಿಲ್ಲ. ಸಿಪಿಯು, ಕೂಲರ್ ನಡುವಿನ ಹಳೇ ಪೇಸ್ಟ್ ಒಣಗಿ ಗೋಂದಿನಗತೆ ಆಗಿರ್ತೈತಿ. ಕೂಲರ್ ಸೀದಾ ಮ್ಯಾಲೆ ಎಳದ್ರ ಸಿಪಿಯು ಲಾಕ್ ಇದ್ದಂಗನ ಸಾಕೆಟ್‌ನಿಂದ ಕಿತ್ತು ಬರ್ತೈತಿ, ಪಿನ್ ಡೊಂಕು. ಅದಕ್ಕ ಹತ್ತು ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡು, ಬಂದ್ ಮಾಡಿ ಪ್ಲಗ್ ತಗಿ, ಸ್ಕ್ರೂ ಬಿಚ್ಚಿ ಕೂಲರ್ ಎಡಕ್ಕ ಬಲಕ್ಕ ಸಣ್ಣಗ ತಿರುವು. ಪೇಸ್ಟ್ ಬಿಟ್ಟಿದ್ದು ಕೈಗೇ ಗೊತ್ತಾಗ್ತೈತಿ. ಆವಾಗ ಎತ್ತು.

ರ್ಯಾಮ್: ಇನ್ನೆರಡು 8 ಜಿಬಿ 2666 ಹಳೇವು ತಂದು ಹಾಕು, 32 ಆತು. ಆದ್ರ ಸಿಪಿಯು ಬದಲಿ ಆದಮ್ಯಾಲೆನ ಹಾಕು. 2600ದ ಮೆಮೊರಿ ಕಂಟ್ರೋಲರ್ ನಾಲ್ಕು ಕಡ್ಡಿಗೆ ಅಧಿಕೃತ ಹೇಳೋದು 2133 ಅಷ್ಟ; 5000 ಸರಣಿ ನಾಲ್ಕು ಸಿಂಗಲ್ ರ್ಯಾಂಕ್ (ಚಿಪ್ಪಿನ ಒಂದೇ ಗುಂಪು ಇರೂ) ಕಡ್ಡಿಗೆ 2933 ಅಂತೈತಿ.

ಚಿಂಚವಾಡ_ಚಿಪ್ · ಪುಣೆ

ಕಾಕಾ ಹೇಳಿದ ವಿಧಾನದ ಬಗ್ಗೆ ತಕರಾರಿಲ್ಲ, ಆದರೆ 2016ರ ಸಾಕೆಟ್‌ಗೆ ಇನ್ನೂ ದುಡ್ಡು ಸುರಿಯೋದಕ್ಕೆ ಇದೆ. ಡಿಡಿಆರ್4 ಕೂಡ ಅಗ್ಗ ಅಲ್ಲ ಸ್ವಾಮಿ. ಮೂರೂ ಚಿಪ್ ಕಂಪನಿಗಳು ಅದನ್ನು ನಿಲ್ಲಿಸುವ ದಾರಿ ಹಿಡಿದಿದ್ದೇ ತಡ, 2025ರ ಮಧ್ಯದಲ್ಲಿ ಕೆಲವು ಕಾಲ ಅದು ಡಿಡಿಆರ್5ಗಿಂತ ಮೇಲೆ ಹೋಗಿತ್ತು. ಸಾಯುವ ತಂತ್ರಜ್ಞಾನಕ್ಕೆ ಏರುವ ದರ ಕೊಡೋದ್ಯಾಕೆ?

ನನ್ನ ಲೆಕ್ಕ: 7600 ಮತ್ತು ಬಿ650 ಈಗಲೇ ತಗೊಳ್ಳಿ, ರ್ಯಾಮ್ 8 ಜಿಬಿಯ ಎರಡು ಕಡ್ಡಿ ಹಾಕಿ ದಿನ ದೂಡಿ, ದರ ಇಳಿದಾಗ ಇನ್ನೆರಡು ಸೇರಿಸಿ.

ಮತ್ತೆ ಭಟ್ರೇ, ನೀವು ಎಚ್‌ಬಿಎಂ, ವೇಫರ್ ಅಂತ ಸಮಾಧಾನವಾಗಿ ವಿವರಿಸಿದ್ದೀರಿ. ಈ ಮೂವರೇ ಹಿಂದೆ ಕೂಟ ಕಟ್ಟಿ ದರ ನಿಗದಿ ಮಾಡಿ ಸಿಕ್ಕಿಬಿದ್ದವರು ಅನ್ನೋದನ್ನ ಯಾಕೆ ಬಿಟ್ಟಿರಿ? 2005ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಎದುರು ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್ ದಂಡ ಒಪ್ಪಿಕೊಂಡವು. 2010ರಲ್ಲಿ ಯೂರೋಪು ಒಂಬತ್ತು ಕಂಪನಿಗಳಿಗೆ ಒಟ್ಟು 33 ಕೋಟಿ ಯೂರೋ ಮೇಲೆ ಹಾಕಿತು. ಮೈಕ್ರಾನ್ ಬಚಾವಾಗಿದ್ದು ತಾನೇ ಹೋಗಿ ಬಾಯಿಬಿಟ್ಟಿದ್ದಕ್ಕೆ.

ಗ್ರಾಂಟ್‌ರೋಡ್_ಭಟ್ರು · ಮುಂಬಯಿ

ಹಳೆಯ ಪಾಪ ಸುಳ್ಳಲ್ಲ. ಆದರೆ ಆಗಿನ ಕೂಟಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸ ಉಂಟು. ಈಗ ಕದ್ದು ಮಾತಾಡುವ ಅಗತ್ಯವೇ ಇಲ್ಲ. 2022ರ ಕೊನೆಗೆ ದರ ನೆಲಕಚ್ಚಿ, 2023ರ ಏಪ್ರಿಲಿನಲ್ಲಿ ಸ್ಯಾಮ್‌ಸಂಗ್ ಬಹಿರಂಗವಾಗಿಯೇ ಉತ್ಪಾದನೆ ಕಡಿತ ಅಂತ ಸಾರಿತು. ಆ ಪೆಟ್ಟು ತಿಂದವರು ಹೊಸ ಲೈನ್ ಹಾಕಲಿಕ್ಕೆ ಹೆದರಿ ಕೂತಿದ್ದಾಗ ಎಐ ಬಂತು. ಲಾಭ ಹೆಚ್ಚು ಎಲ್ಲಿಯೋ ವೇಫರ್ ಅಲ್ಲಿಗೆ. ಚೀನಾದ ಸಿಎಕ್ಸ್‌ಎಂಟಿ ನಾಲ್ಕನೆಯವನಾಗಿ ಡಿಡಿಆರ್5 ತಂದಿದೆ, ನೋಡಬೇಕಾದ ಬಾಗಿಲು ಅದೇ. ಯೂಟ್ಯೂಬಿನ ದೀಪಾವಳಿ ಭವಿಷ್ಯ ಅಲ್ಲ. ಗಾಳಿ ಯಾವ ಕಡೆ ಅಂತ ತಿಳಿಯಬೇಕಾದರೆ ಟ್ರೆಂಡ್‌ಫೋರ್ಸ್ ಅನ್ನುವ ಮೆಮೊರಿ ದರ ಲೆಕ್ಕವಿಡುವವರ ಪುಟದಲ್ಲಿ ಸ್ಪಾಟ್ ದರ (ಆ ದಿನದ ಬಿಡಿ ವ್ಯಾಪಾರ) ಮತ್ತು ಕಾಂಟ್ರ್ಯಾಕ್ಟ್ ದರ (ದೊಡ್ಡ ಗಿರಾಕಿಗಳ ಒಪ್ಪಂದ) ಎರಡನ್ನೂ ನೋಡಿ. ಸ್ಪಾಟ್ ಮೊದಲು ಬಗ್ಗುತ್ತದೆ, ಕಾಂಟ್ರ್ಯಾಕ್ಟ್ ಆಮೇಲೆ, ಅಂಗಡಿಯ ದರ ಎಲ್ಲಕ್ಕಿಂತ ಕೊನೆಗೆ. ಏರುವಾಗ ಮಾತ್ರ ಅಂಗಡಿ ಅದೇ ದಿನ ಏರುತ್ತದೆ, ಅದು ಬೇರೆ ವಿಷಯ.

ಆದರೆ ನಿಮ್ಮ 8 ಜಿಬಿಯ ಎರಡು ಡಿಡಿಆರ್5 ಕಡ್ಡಿಯ ಸಲಹೆ ಇದೆಯಲ್ಲ, ಅದನ್ನು ಯಾರೂ ಪಾಲಿಸಬೇಡಿ. ಈ ಕಡ್ಡಿಗಳ ಚಿಪ್ ಸಾಮಾನ್ಯವಾಗಿ ಒಂದೊಂದೂ 16 ಗಿಗಾಬಿಟ್, ಅಂದರೆ 2 ಜಿಬಿ. 16 ಜಿಬಿ ಕಡ್ಡಿಯಲ್ಲಿ ಎಂಟು ಚಿಪ್, ಪ್ರತಿಯೊಂದೂ 8 ಬಿಟ್ ಅಗಲ. 8 ಜಿಬಿ ಕಡ್ಡಿಯಲ್ಲಿ ನಾಲ್ಕೇ ಚಿಪ್, 16 ಬಿಟ್ ಅಗಲದವು. ಆ 16 ಬಿಟ್ ಚಿಪ್ಪಿನಲ್ಲಿ ಬ್ಯಾಂಕ್ ಗುಂಪು (ಒಟ್ಟೊಟ್ಟಿಗೆ ಕೆಲಸ ಮಾಡುವ ಕೋಣೆಗಳು) ಎಂಟರ ಬದಲು ನಾಲ್ಕೇ. ಲೇಬಲ್ಲಿನ ಮೇಲೆ ವೇಗ ಅದೇ ಬರೆದಿದ್ದರೂ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ಕೊಕ್ಕೆ, ನಾಲ್ಕು ಕಡ್ಡಿ. ರೈಜನ್ 7000ಕ್ಕೆ ಎರಡು ಕಡ್ಡಿಯಿದ್ದರೆ ಅಧಿಕೃತ ವೇಗ 5200, ನಾಲ್ಕು ಹಾಕಿದರೆ 3600. ಎಕ್ಸ್‌ಪೋ (ಕಡ್ಡಿಯಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಹಾಕಿ 6000 ಓಡಿಸಿದವರು ಇರಬಹುದು, ಖಾತ್ರಿ ಇಲ್ಲ. ಎಎಂ5ಗೇ ಹೋಗುವುದಾದರೆ 16 ಜಿಬಿಯ ಒಂದೇ ಕಡ್ಡಿ ಸಿಪಿಯುನಿಂದ ಎರಡನೇ ಸ್ಲಾಟಿಗೆ ಹಾಕಿ, ನಾಲ್ಕನೆಯದು ಖಾಲಿ ಬಿಡಿ. ಒಂದು ಚಾನೆಲ್ ಆದ್ದರಿಂದ ಗೇಮಿನಲ್ಲಿ ಫ್ರೇಮ್ ಇಳಿಯುತ್ತದೆ, ಒಪ್ಪಿದೆ. ಆದರೆ ಮುಂದೆ ಅದೇ ಭಾಗಸಂಖ್ಯೆಯ ಇನ್ನೊಂದು ತಂದರೆ ಎರಡೇ ಕಡ್ಡಿಯಲ್ಲಿ 32 ಮುಗಿಯಿತು. ಬೇರೆ ಬ್ಯಾಚಿನ ಕಡ್ಡಿ ಎಕ್ಸ್‌ಪೋದಲ್ಲಿ ನಿಲ್ಲದಿದ್ದರೆ ವೇಗ ಒಂದು ಮೆಟ್ಟಿಲು ಇಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಮೊದಲ ಬಾರಿ ಡಿಡಿಆರ್5 ಬೋರ್ಡು ಚಾಲೂ ಮಾಡಿದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಮೆಮೊರಿ ಟ್ರೇನಿಂಗ್ ಅದು. ಸತ್ತಿತು ಅಂತ ಬಟನ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಬಯಾಸ್ ಹೊಸದಿರಲಿ. 2023ರಲ್ಲಿ ರೈಜನ್ ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟುಹೋದ ಮೇಲೆ ಎಸ್‌ಒಸಿ (ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜಿಗೆ 1.3 ವೋಲ್ಟಿನ ಮಿತಿ ಬಂತು, ಅದಕ್ಕೂ ಹಳೆಯ ಬಯಾಸ್ ಇರುವ ಬೋರ್ಡು ಗೋಡೌನಿನಲ್ಲಿ ಈಗಲೂ ಸಿಗಬಹುದು.

ಇಷ್ಟು ಹೇಳಿ ನನ್ನ ಮತ ಕಾಕಾ ಕಡೆಗೇ. ಒಂದು ತಿದ್ದುಪಡಿ: ಇನ್ನೆರಡು 8 ಜಿಬಿ ಹುಡುಕುವ ಬದಲು 16 ಜಿಬಿ 3200ರ ಎರಡು ಕಡ್ಡಿ ಹಳೆಯದು ತಗೊಂಡು, ಇರುವ 2666 ಜೋಡಿ ಮಾರಿಬಿಡಿ. ದರ ಏರಿದ್ದು ನಿಮ್ಮ ಹಳೆ ಕಡ್ಡಿಗೂ ಅನ್ವಯ ಆಗುತ್ತದಲ್ಲ! 2666 ಜೊತೆ ಬೆರೆಸಿದರೆ ಎಲ್ಲವೂ 2666ಕ್ಕೆ ಇಳಿಯುತ್ತವೆ, ಜೊತೆಗೆ ರೈಜನ್ನಿನ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್ (ಭಾಗಗಳನ್ನು ಜೋಡಿಸುವ ದಾರಿ) ಕೂಡ ಅದೇ ತಾಳಕ್ಕೆ ನಿಧಾನವಾಗುತ್ತದೆ.

ಕಲ್ಯಾಣ್_ಲೋಕಲ್ · ಡೊಂಬಿವಲಿ

ಹಾಗಾದರೆ ಎಎಂ4 ಅಂತಲೇ ಇಟ್ಟುಕೊಳ್ಳೋಣ. ಆದರೆ ಹಳೆ ರ್ಯಾಮ್ ಹುಡುಕಿದರೆ ಒಂದು ವಿಚಿತ್ರ. ಡಿಡಿಆರ್4 16 ಜಿಬಿ ಕಡ್ಡಿ ಒಂದು ಕಡೆ ಒಂದು ದರ, ಪಕ್ಕದವರ ಹತ್ತಿರ ಹೆಚ್ಚುಕಮ್ಮಿ ಅರ್ಧ. ಎರಡೂ ಹಸಿರು ಬೋರ್ಡು, ಎರಡೂ ದೊಡ್ಡ ಕಂಪನಿಯ ಚಿಪ್, ಖಾಚೂ ಒಂದೇ ಜಾಗದಲ್ಲಿದೆ. ಅಗ್ಗದ್ದರಲ್ಲಿ ಏನು ಮೋಸ?

ಮಡಗಾಂವ್_ಮಳೆ · ಗೋವಾ

ಮೋಸ ಅನ್ನೋದಕ್ಕಿಂತ, ಅದು ಸರ್ವರ್ ಕಡ್ಡಿ. ಡೇಟಾ ಸೆಂಟರಿಂದ ಕಿತ್ತ ರಿಜಿಸ್ಟರ್ಡ್ ರ್ಯಾಮ್. ಡಿಡಿಆರ್5ನಲ್ಲಿ ಖಾಚು ಬೇರೆ ಅಂತ ಭಟ್ಟರು ಹೇಳಿದರಲ್ಲ, ಡಿಡಿಆರ್4ನಲ್ಲಿ ಆ ರಕ್ಷಣೆ ಇಲ್ಲ. ಸರ್ವರ್ ಕಡ್ಡಿ ನಿಮ್ಮ ಬಿ450ಗೆ ಟಕ್ ಅಂತ ಕೂರುತ್ತೆ, ಫ್ಯಾನ್ ತಿರುಗುತ್ತೆ, ಪರದೆ ಬರೋದಿಲ್ಲ. ಬೋರ್ಡಿನ ಡಿರ್ಯಾಮ್ ದೀಪ ಉರೀತಾ ಇರುತ್ತೆ ಅಷ್ಟೆ. ಏನೂ ಸುಡೋದಿಲ್ಲ, ಓಡೋದೂ ಇಲ್ಲ.

ಗುರುತು ಹಿಡಿಯೋದು ಲೇಬಲ್ಲಿಂದ. ಕಂಪನಿ ಕಡ್ಡಿಯ ಬಿಳಿ ಸ್ಟಿಕ್ಕರಿನ ಮೇಲೆ ಹೀಗೊಂದು ಸಾಲಿರುತ್ತೆ: 1ಆರ್‌ಎಕ್ಸ್8 ಪಿಸಿ4-3200ಎಎ-ಯುಎ2-11. ಎಡದಿಂದ ಓದಿ. 1ಆರ್ ಅಂದರೆ ಒಂದು ರ್ಯಾಂಕ್. ಎಕ್ಸ್8 ಅಂದರೆ ಚಿಪ್ ಒಂದೊಂದೂ 8 ಬಿಟ್ ಅಗಲ. ಪಿಸಿ4 ಅಂದರೆ ಡಿಡಿಆರ್4. 3200 ವೇಗ, ಎಎ ಅಂದರೆ 22-22-22 ಟೈಮಿಂಗ್. 2666ರ ಮುಂದೆ ವಿ, 2400ರ ಮುಂದೆ ಟಿ ಇರುತ್ತೆ. ಅದಾದ ಮೇಲೆ ಬರೋ ಅಕ್ಷರದಲ್ಲೇ ಜೀವ ಇರೋದು. ಯು ಇದ್ದರೆ ಡೆಸ್ಕ್‌ಟಾಪಿನ ಮಾಮೂಲಿ ಕಡ್ಡಿ, ನಿಮಗೆ ಬೇಕಾದ್ದು ಇದೇ. ಆರ್ ಇದ್ದರೆ ರಿಜಿಸ್ಟರ್ಡ್, ವಾಪಸ್ ಕೊಡಿ. ಇ ಇದ್ದರೆ ಇಸಿಸಿ (ದೋಷ ತಿದ್ದುವಿಕೆ) ಇರುವ, ರಿಜಿಸ್ಟರ್ ಇಲ್ಲದ ಕಡ್ಡಿ, ಎಎಂ4ನಲ್ಲಿ ಬಹಳಷ್ಟು ಬೋರ್ಡುಗಳಲ್ಲಿ ನಡೆಯುತ್ತೆ. ಎಸ್ ಅಂದರೆ ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ.

ಸ್ಟಿಕ್ಕರ್ ಹರಿದಿದ್ದರೆ ಚಿಪ್ ಎಣಿಸಿ. ಡೆಸ್ಕ್‌ಟಾಪ್ ಕಡ್ಡಿಯಲ್ಲಿ ಒಟ್ಟು 4, 8 ಅಥವಾ 16. ಸರ್ವರಿನದರಲ್ಲಿ ಒಂಬತ್ತರ ಲೆಕ್ಕ: 9, 18, 36. ಜೊತೆಗೆ ನಟ್ಟನಡುವೆ ಬೇರೆ ಆಕಾರದ್ದೊಂದು ರಿಜಿಸ್ಟರ್ ಚಿಪ್ ಕೂತಿರುತ್ತೆ. ಎಕ್ಸ್4 ಅಂತ ಕಂಡರೂ ಬಿಡಿ, ಅದು ಸರ್ವರಿಂದೇ. ಬಣ್ಣದ ಹೀಟ್‌ಸ್ಪ್ರೆಡರ್ ಇರುವ ಗೇಮಿಂಗ್ ಕಡ್ಡಿಗೆ ಈ ಸಾಲು ಇರೋದಿಲ್ಲ. ಅಲ್ಲಿ ಭಾಗಸಂಖ್ಯೆ ನೋಡಿ. ಅಂಗಡಿಯ ಪಿಸಿಗೆ ಹಾಕಿಸಿ ಸಿಪಿಯು-ಝಡ್‌ನ ಎಸ್‌ಪಿಡಿ (ಕಡ್ಡಿಯೊಳಗೆ ಬರೆದಿಟ್ಟ ವಿವರ) ಪುಟ ತೆರೆಸಿದರೆ ತಯಾರಕರು, ಭಾಗಸಂಖ್ಯೆ, ರ್ಯಾಂಕ್, ಎಷ್ಟೋ ಸಲ ತಯಾರಾದ ವಾರ ಮತ್ತು ವರ್ಷವೂ ಕಾಣುತ್ತೆ. ಹೊರಗಿನ ಲೇಬಲ್ ಒಂದು, ಒಳಗಿನ ಎಸ್‌ಪಿಡಿ ಇನ್ನೊಂದು ಹೇಳಿದರೆ ಸುಮ್ಮನೆ ಎದ್ದು ಬನ್ನಿ. ಅಗ್ಗದ ಕಡ್ಡಿಗೆ ಚಂದದ ಅಂಗಿ ತೊಡಿಸೋರು ಈ ಸಮಯದಲ್ಲಿ ಜಾಸ್ತಿ.

ಮನೆಗೆ ತಂದ ಮೇಲೆ ವಿಂಡೋಸ್‌ಗೆ ಹೋಗಬೇಡಿ. ಪೆನ್‌ಡ್ರೈವಿಗೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಬೂಟ್ ಮಾಡಿ, ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತೆ. 32 ಜಿಬಿಗೆ ಹಲವು ಗಂಟೆ ಬೇಕು, ರಾತ್ರಿ ಬಿಟ್ಟು ಮಲಗಿ. ಮೊದಲು ಎಕ್ಸ್‌ಎಂಪಿ (ಎಕ್ಸ್‌ಪೋ ತರಹದ್ದೇ ವೇಗದ ಸೆಟ್ಟಿಂಗ್) ಹಾಕದೆ, ಆಮೇಲೆ ಹಾಕಿ. ಹಾಕದೇ ಇದ್ದಾಗ ಒಂದೇ ಒಂದು ದೋಷ ಬಂದರೂ ಕಡ್ಡಿ ಕೆಟ್ಟಿದೆ, ಬದಲಾಯಿಸಿ. ಹಾಕಿದಾಗ ಮಾತ್ರ ಬಂದರೆ ಕಡ್ಡಿಯದೇ ತಪ್ಪು ಅಂತಿಲ್ಲ, ಮೆಮೊರಿ ಕಂಟ್ರೋಲರ್ ಇರಬಹುದು. 3200 ಬದಲು 3000 ಅಥವಾ 2933ರಲ್ಲಿ ನೋಡಿ. ದೋಷ ಬಂದಾಗ ಒಂದೊಂದೇ ಕಡ್ಡಿ ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ, ಇಲ್ಲದಿದ್ದರೆ ತಪ್ಪು ಕಡ್ಡಿಯದಾ ಸ್ಲಾಟಿನದಾ ತಿಳಿಯೋದಿಲ್ಲ.

ಕರಾವಳಿಯವರಿಗೆ ಇನ್ನೊಂದು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಿನಲ್ಲಿ ಹಳೆ ಕಡ್ಡಿಯ ಚಿನ್ನದ ಪಟ್ಟಿಗಳ ಮೇಲೆ ಮಂಕು ಪದರ ಕೂತಿರುತ್ತೆ. ಪಿಸಿ ಒಂದು ದಿನ ಏಳುತ್ತೆ, ಒಂದು ದಿನ ಇಲ್ಲ. ಅಂಗಡಿಯಲ್ಲಿ ಪೆನ್ಸಿಲ್ ರಬ್ಬರಿಂದ ಉಜ್ಜೋದು ರೂಢಿ. ಬಿಳಿ ಮೆತ್ತನೆ ರಬ್ಬರಾದರೆ ಒಂದೆರಡು ಸಲಕ್ಕೆ ಪರವಾಗಿಲ್ಲ, ಇಂಕ್ ಅಳಿಸೋ ಗರಗರ ರಬ್ಬರು ಚಿನ್ನವನ್ನೇ ಕೆರೆದುಬಿಡುತ್ತೆ. 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಅಷ್ಟು ಸಾಕು. ಕೊರಿಯರಿನಲ್ಲಿ ತರಿಸೋದಾದರೆ ಆ್ಯಂಟಿಸ್ಟ್ಯಾಟಿಕ್ ಚೀಲ ಕೇಳಿ, ಥರ್ಮಾಕೋಲಿಗೆ ನೇರ ತಾಗಿಸಿ ಕಳಿಸೋರೂ ಇದ್ದಾರೆ.

ಚಿಂಚವಾಡ_ಚಿಪ್ · ಪುಣೆ

ಭಟ್ರೇ, ಡಿಡಿಆರ್5 8 ಜಿಬಿಯ 16 ಬಿಟ್ ಚಿಪ್ ವಿಷಯ ಸರಿ, ನನ್ನ ಸಲಹೆ ವಾಪಸ್. ಕೂಟದ ವಿಷಯ ವಾಪಸ್ ಇಲ್ಲ.

ಮಡಗಾಂವ್ ಅವರ ಲೇಬಲ್ ಪಾಠಕ್ಕೆ ಒಂದು ಸೇರಿಕೆ: 16 ಬಿಟ್ ಚಿಪ್ಪಿನ ಕಾಟ ಡಿಡಿಆರ್4ನಲ್ಲೂ ಇದೆ. ಬ್ರ್ಯಾಂಡೆಡ್ ಆಫೀಸ್ ಪಿಸಿಗಳಿಂದ ಕಿತ್ತ 8 ಜಿಬಿ ಕಡ್ಡಿಗಳಲ್ಲಿ 1ಆರ್‌ಎಕ್ಸ್16 ಸಿಗುತ್ತೆ, ನಾಲ್ಕೇ ಚಿಪ್. ನಡೆಯುತ್ತೆ, ಆದರೆ 1ಆರ್‌ಎಕ್ಸ್8ರ ದರ ಕೊಡಬೇಡಿ. 16 ಜಿಬಿಯಲ್ಲಿ 2ಆರ್‌ಎಕ್ಸ್8 ಸಿಕ್ಕರೆ ಖುಷಿಯಿಂದ ತಗೊಳ್ಳಿ, ಎರಡು ಕಡ್ಡಿ ಡ್ಯುಯಲ್ ರ್ಯಾಂಕ್ ಇದ್ದರೆ 5000 ಸರಣಿಯ ರೈಜನ್ ಗೇಮಿನಲ್ಲಿ ಇನ್ನೂ ಸ್ವಲ್ಪ ಚುರುಕು.

ಇಂಟೆಲ್ ಅಂತ ಯಾರಾದರೂ ಹೇಳೋ ಮೊದಲು ನಾನೇ ಹೇಳ್ತೀನಿ: ಐ5 12400ಎಫ್ ಜೊತೆ ಡಿಡಿಆರ್4 ಬಿ660 ಬೋರ್ಡು ಹಾಕಿದರೂ ಹಳೆ ರ್ಯಾಮ್ ಉಳಿಯುತ್ತೆ, 12ನೇ ತಲೆಮಾರಿಗೆ 13, 14ರ ದೊಡ್ಡ ಚಿಪ್ಪುಗಳನ್ನು ಸವೆಸಿದ ಹೆಚ್ಚಿನ ವೋಲ್ಟೇಜಿನ ರೋಗ ಇಲ್ಲ. 13, 14ರ ದೊಡ್ಡ ಚಿಪ್ ಹಳೆಯದು ಅಗ್ಗಕ್ಕೆ ಬಂದರೆ ಮಾತ್ರ ದೂರ ಇರಿ. 2024ರ ಆಗಸ್ಟಿನ 0ಎಕ್ಸ್129 ಮೈಕ್ರೋಕೋಡ್ (ಪ್ರೊಸೆಸರಿನ ಒಳ ಸಾಫ್ಟ್‌ವೇರ್) ಮುಂದಿನ ಹಾನಿ ತಡೆಯೋದಕ್ಕೆ. ಅದಕ್ಕೂ ಮೊದಲೇ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ರಿಪೇರಿ ಮಾಡಲ್ಲ. ಆದರೆ ಬಿ450 ಕೈಯಲ್ಲಿರೋರಿಗೆ ಬೋರ್ಡಿನ ಖರ್ಚು ದಂಡ.

ಕಲ್ಯಾಣ್_ಲೋಕಲ್ · ಡೊಂಬಿವಲಿ

ಎಲ್ಲರಿಗೂ ಧನ್ಯವಾದ. 5700ಎಕ್ಸ್, ಟವರ್ ಕೂಲರ್, 16 ಜಿಬಿ 3200 ಹಳೆಯದು ಎರಡು ಅಂತ ಯಾದಿ ಮಾಡಿಕೊಂಡೆ. ಕೊನೆಯದಾಗಿ ಒಂದು: ಬಿಲ್ ಇಲ್ಲದೆ ಕೊಟ್ಟರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತೆ ಅಂತಾರೆ. ಸೆಕೆಂಡ್ ಹ್ಯಾಂಡ್‌ಗೆ ಪರವಾಗಿಲ್ಲವಾ? ಭಾನುವಾರ ಹೋಗೋಣ ಅಂತ ಇದ್ದೆ.

ಗ್ರಾಂಟ್‌ರೋಡ್_ಭಟ್ರು · ಮುಂಬಯಿ

ಭಾನುವಾರ ಬೇಡ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಶನಿವಾರ ಮಧ್ಯಾಹ್ನದ ಮೊದಲು ಬನ್ನಿ, ಹಾಕಿ ತೋರಿಸಲಿಕ್ಕೆ ಅವರಿಗೂ ಪುರುಸೊತ್ತು ಇರುತ್ತದೆ.

ಪ್ರೊಸೆಸರ್ ಬಿಲ್ ಇಲ್ಲದೆ ಬೇಡವೇ ಬೇಡ. ಬಾಕ್ಸಿನದ್ದಕ್ಕೆ ಮೂರು ವರ್ಷದ ವಾರಂಟಿ. ಟ್ರೇ ಅಂತ ಬಾಕ್ಸ್ ಇಲ್ಲದೆ ಬರೀ ಚಿಪ್ ಕೊಟ್ಟರೆ ಎಷ್ಟು ದಿನ ಯಾರ ವಾರಂಟಿ ಅಂತ ಬರೆಸಿಕೊಳ್ಳಿ. ಹಳೆ ರ್ಯಾಮಿಗೆ ಕನಿಷ್ಠ ಅಂಗಡಿಯ ಚೀಟಿಯ ಮೇಲೆ ಎರಡೂ ಕಡ್ಡಿಯ ಸೀರಿಯಲ್ ನಂಬರ್ ಮತ್ತು "ಏಳು ದಿನದೊಳಗೆ ದೋಷ ಬಂದರೆ ಬದಲಿ" ಅನ್ನುವ ಒಂದು ಸಾಲು ಬರೆಸಿ. ನಂಬರ್ ಇಲ್ಲದಿದ್ದರೆ, ಈ ಕಡ್ಡಿ ನಮ್ಮದಲ್ಲ ಅಂತ ಮುಗಿಸುತ್ತಾರೆ.

ಸ್ವಾರಗೇಟ್_ಕಾಕಾ · ಪುಣೆ

ಹೋಗೂ ಮುಂದ ಬಯಾಸ್ ಅಪ್‌ಡೇಟ್ ಮುಗಿಸಿಟ್ಟಿರು ತಮ್ಮಾ. ಸಿಪಿಯು ತಂದಮ್ಯಾಲೆ ಬಯಾಸ್ ಹಳೇದು ಅಂತ ಗೊತ್ತಾದ್ರ, ಬಿಚ್ಚಿದ ಕೂಲರ್ ಮತ್ತ ಕೂಡಿಸ್ಬೇಕು. ಟವರ್ ಕೂಲರ್ ಅಂದಿ, ಅದಕ್ಕ ಬೋರ್ಡಿನ ಹಿಂದಿನ ಪ್ಲೇಟ್ ಜೋಪಾನ ಇಡು. ಕೆಲವು ಕೂಲರ್ ಆ ಪ್ಲೇಟಿಗೇ ಕೂಡ್ತಾವ, ಮುಂದಿನ ನಾಲ್ಕು ಸ್ಕ್ರೂ ಬಿಚ್ಚಿದಾಗ ಅದು ಹಿಂದ ಉದುರಿ ಬೀಳ್ತೈತಿ.

ಮಡಗಾಂವ್_ಮಳೆ · ಗೋವಾ

ದುಡ್ಡು ಕೊಡೋ ಮೊದಲು ಕಡ್ಡಿಯ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ. ಲೇಬಲ್ ಇರುವ ಬದಿ ಮಾತ್ರ ಹಾಕಬೇಡಿ, ಹಿಂಬದಿಯ ಚಿಪ್ ಎಣಿಸಬೇಕು.